ಮೇಲಿನ ಗುಂಡಿ

ಹಿತ್ತಲಿನ ತಂತಿಯ ಮೇಲೆ ಅಂಗಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕಾಲರಿನ ತುದಿಗಳಿಂದ ನೀರು ತೊಟ್ಟಿಕ್ಕಿ ಮಣ್ಣಿನಲ್ಲಿ ಸಾಲಾಗಿ ಸಣ್ಣ ಕುಳಿಗಳು ಬೀಳುತ್ತಿದ್ದವು. ನಮ್ಮ ಮನೆಯ ಗಂಡಸರ ಅಂಗಿಗಳೆಲ್ಲ ನಾನು ಹೊಲಿದವೇ. ಆ ಸಾಲನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಒಂದು ಹೆಮ್ಮೆ.

ಹೊಲಿಗೆ ಯಂತ್ರ ನಾನು ತವರಿನಿಂದ ತಂದದ್ದು. ಒಂಬತ್ತು ವರ್ಷ ಅದರ ಮೇಲೆ ಬೇರೆ ಯಾರ ಕಾಲೂ ಬಿದ್ದಿರಲಿಲ್ಲ. ಆಮೇಲೆ ಮೈದುನನ ಮದುವೆಯಾಗಿ ಶಿವಲೀಲಾ ನನಗೆ ನೆಗೆಣ್ಣಿಯಾಗಿ ಬಂದಳು. ಬಂದ ಎರಡನೆಯ ದಿನವೇ ಯಂತ್ರದ ಮುಂದೆ ನಿಂತು, "ಅಕ್ಕಾರ, ನನಗೂ ಹೊಲಿಯಾಕ ಬರ್ತೈತ್ರಿ," ಎಂದಳು.

"ಬರ್ಲಿ ಬಿಡವಾ," ಎಂದೆ.

ಅಂದೇ ಅತ್ತೆಯ ಮುಂದೆ ಕೂತು ಕೆಲಸ ಹಂಚಿದೆ. ಅಡಿಗೆ ಇಬ್ಬರದೂ, ಹೊಲಿಗೆ ನನ್ನದು, ಇಡೀ ಮನೆಯ ಒಗೆತ ಅವಳದು. ಅವಳ ಕೈಗೆ ಬಿಡುವೇ ಸಿಗಬಾರದು ಎಂಬುದು ನನ್ನ ಎಣಿಕೆ.

ನನ್ನ ಹೊಲಿಗೆಯಲ್ಲಿ ಒಂದು ಕೊರತೆಯಿತ್ತು. ಅದೂ ನನ್ನ ಗಂಡನ ಅಂಗಿಯಲ್ಲಿಯೇ. ಕಾಲರು ಹಿಂದೆ ಹೆಡಕಿನ ಹತ್ತಿರ ಬೆರಳು ತೂರುವಷ್ಟು ದೂರ ನಿಲ್ಲುತ್ತಿತ್ತು, ಮುಂದೆ ಗಂಟಲಿಗೆ ಒತ್ತುತ್ತಿತ್ತು. ಅವರು ಮೇಲಿನ ಗುಂಡಿಯನ್ನು ಹಾಕುತ್ತಲೇ ಇರಲಿಲ್ಲ. ಒತ್ತುತ್ತದೆಂದರೆ ಕೊರಳಿನ ಅಳತೆ ಸಾಲದು ಎಂದುಕೊಂಡು ಪ್ರತಿ ಹೊಸ ಅಂಗಿಗೂ ಕಾಲು ಇಂಚು ಹೆಚ್ಚಿಸಿದೆ. ಹೆಚ್ಚಿಸಿದಷ್ಟೂ ಹಿಂದಿನ ಸಂದು ದೊಡ್ಡದಾಯಿತೇ ಹೊರತು ಮುಂದಿನ ಒತ್ತು ಹೋಗಲಿಲ್ಲ. ಕೊನೆಗೆ, "ಗುಂಡಿ ಹಾಕದ ಅಡ್ಡಾಡೋದು ನಿಮ್ಮ ಚಟ," ಎಂದು ಅವರ ಮೇಲೇ ಹೊರಿಸಿದೆ. "ಇರಬಹುದು," ಎಂದರು. ಅವರು ಯಾವುದಕ್ಕೂ ಅಷ್ಟೇ ಹೇಳುವವರು.

ನಮ್ಮ ಮನೆತನದಲ್ಲಿ ಸೊಸೆಯಾದವಳು ಮಾವನ ಮೈಗಾಗಲಿ ಭಾವ-ಮೈದುನರ ಮೈಗಾಗಲಿ ಟೇಪು ಹಿಡಿಯುವಂತಿಲ್ಲ. ಹಳೆಯ ಅಂಗಿಯೊಂದನ್ನು ಅಳತೆಗೆಂದು ಇಟ್ಟುಕೊಂಡು, ಅದನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸುವುದು ರೂಢಿ. ಮಾವನವರದೊಂದು ಅಳತೆ ಅಂಗಿ, ಮೈದುನನದೊಂದು. ಅದೇ ರೂಢಿಯಲ್ಲಿ ನಮ್ಮವರದೂ ಒಂದು. ಮೂರನ್ನೂ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿರುತ್ತಿದ್ದೆ.

ಶಿವಲೀಲಾ ಬಂದು ಎರಡು ವರ್ಷವಾದಾಗ ಅವಳ ಅಣ್ಣನ ಮದುವೆ ಬಂತು. ಹದಿನೈದು ದಿನ ಮೊದಲೇ ತವರಿಗೆ ಹೋದವಳು ಅಲ್ಲಿನ ಯಂತ್ರದ ಮೇಲೆ ತನ್ನ ಭಾವನಾದ ನಮ್ಮವರಿಗೆಂದು ಒಂದು ಬಿಳಿ ಅಂಗಿ ಹೊಲಿದು, ಮದುವೆಯ ಆಯೇರಿ ಉಡುಗೊರೆಯಾಗಿ ಕೊಟ್ಟಳು. ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ನಮ್ಮವರು ಅದನ್ನು ತೊಟ್ಟು ಹಂದರಕ್ಕೆ ಬಂದರು. ಮೇಲಿನ ಗುಂಡಿ ಹಾಕಿಕೊಂಡಿದ್ದರು. ಕಾಲರು ಹೆಡಕಿನ ಮೇಲೆ, ಯಾರೋ ಮೆಲ್ಲಗೆ ಅಂಗೈ ಇಟ್ಟ ಹಾಗೆ ಕೂತಿತ್ತು.

"ಏ ಬರ್ರೇ ನೋಡ್ರಿ, ನನ್ನ ಮಗಗ ಕೊಳ್ಳು ಐತಿ ಅಂತ ಇವತ್ತ ಗೊತ್ತಾತು!" ಎಂದು ಅತ್ತೆ ಕೂಗಿದರು. ಹೆಂಗಸರೆಲ್ಲ ನಕ್ಕರು. ನಮ್ಮವರು ಕೊರಳನ್ನು ಆಚೆ ಈಚೆ ತಿರುಗಿಸಿ, ನನ್ನ ಹತ್ತಿರವೇ ಬಂದು, "ಎಲ್ಲೂ ಒತ್ತಂಗಿಲ್ಲ ನೋಡು," ಎಂದರು. ಹಬ್ಬಕ್ಕೆ ಹೊಸ ಅಂಗಿ ತೊಟ್ಟ ಹುಡುಗನ ಮುಖ.

ನಾನೂ ನಕ್ಕೆ. ಊಟದ ಎಲೆಯ ಮುಂದೆ ಕೂತು ಲೆಕ್ಕ ಹಾಕತೊಡಗಿದೆ. ಅಳತೆ ಅಂಗಿ ನನ್ನ ಬೀಗದಲ್ಲಿತ್ತು. ಇನ್ನಾವುದೋ ಅಂಗಿ ನೋಡಿ ಕತ್ತರಿಸಿದ್ದರೆ ನನ್ನ ತಪ್ಪೇ ಅದರಲ್ಲೂ ಬರಬೇಕಿತ್ತು. ಹಾಗಾದರೆ ಅವರ ಕೊರಳಿಗೆ ಟೇಪು ಬಿದ್ದಿದೆ. ಹಿಡಿದ ಕೈ ಯಾರದು? ಆ ವರ್ಷ ನಾನು ಮನೆಯಲ್ಲಿಲ್ಲದ ದಿನಗಳನ್ನು ಒಂದೊಂದಾಗಿ ನೆನೆಸಿಕೊಂಡೆ.

ಮದುವೆ ಮುಗಿಸಿ ಬಂದ ಮೇಲೆ ತಂತಿಯ ಮೇಲೆ ಮತ್ತೆ ಅಂಗಿಗಳು ಇಳಿಬಿದ್ದವು. ಅವುಗಳ ನಡುವೆ ಆ ಬಿಳಿಯದು. ಅದೊಂದೇ ನನ್ನದಲ್ಲ. ನಾಲ್ಕು ದಿನ ಹಲ್ಲು ಕಚ್ಚಿಕೊಂಡಿದ್ದು, ಐದನೆಯ ದಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ನಮ್ಮವರ ಕೊಳ್ಳಿಗೆ ಯಾವಾಗ ಟೇಪು ಹಿಡದಿ?"

ಶಿವಲೀಲಾಳ ಕೈ ನಿಂತಿತು. "ಏನ್ ಮಾತಾಡ್ತೀರಿ ಅಕ್ಕಾರ? ಅವರ ಮುಂದ ಸೆರಗು ಸರಿಸಿ ನಿಂತಾಕಿ ಅಲ್ಲ ನಾನು."

"ಮತ್ತ ಅಳತಿ ಕನಸಿನ್ಯಾಗ ಬಂತೇನು?"

ಅವಳು ಎದ್ದಳು. ಮೈಲಿಗೆ ಬಟ್ಟೆಯ ರಾಶಿಯಿಂದ ಮೂರು ಅಂಗಿ ಎಳೆದು ಕಲ್ಲಿನ ಮೇಲೆ ಎಸೆದಳು. ಮೂರೂ ನಾನು ಹೊಲಿದವು.

"ಇದು ಮಾವನೋರದು. ಹೊಲಸು ಎಲ್ಲೈತಿ? ಹೆಡಕಿಗೆ. ಇದು ನಮ್ಮವರದು, ಇದಕ್ಕೂ ಹೆಡಕಿಗೆ. ಇದು ಭಾವನೋರದು ನೋಡ್ರಿ. ಹಿಂದ ಹೊಸಾ ಅರಿವಿ ಇದ್ದಂಗ ಐತಿ. ಕರೀ ಗೆರಿ ಎಲ್ಲಾ ಮುಂದ, ಗಂಟಲ ಕಡೆ. ಗುಂಡಿ ಹಾಕದಿದ್ರೂ ಅಲ್ಲೇ ತಿಕ್ಕತೈತಿ. ಸಣ್ಣಾಂವ ಇದ್ದಾಗಿಂದ ಜ್ವಾಳದ ಚೀಲ ಹೊತ್ತ ಕೊಳ್ಳು, ಮುಂದಕ್ಕ ಬಾಗೇತಿ. ನೀವು ಸುತ್ತಳತಿ ಹಿಗ್ಗಿಸಿಕೋತ ಹೋದ್ರಿ. ಸುತ್ತಳತಿ ಮೊದಲಿಂದ ಸರಿನ ಇತ್ತು. ಅಂಗಿ ಕೊರಳು ಮುಂದ ಒಂದ ಬೆರಳು ಇಳಿಸಬೇಕು, ಹಿಂದ ಅರ್ಧ ಬೆರಳು ಏರಿಸಬೇಕು, ಅಷ್ಟ."

ನಾನು ಆ ಅಂಗಿಯ ಕಾಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಎರಡು ವರ್ಷ ತಿಕ್ಕೀನಿ ಇವನ್ನ. ಟೇಪು ಯಾಕ ಬೇಕ್ರಿ? ಒಗಿಯೋ ಕೆಲಸ ನನಗ ಹಚ್ಚಿದವರು ನೀವ ಅಲ್ಲೇನು?"

ಮತ್ತೆ ಕೂತು ತಿಕ್ಕತೊಡಗಿದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಸೋಪಿನ ನೊರೆಯಿತ್ತು.

ಸಂಶಯ ಅಲ್ಲಿಯೇ ಸತ್ತಿತು. ಹೊಟ್ಟೆಕಿಚ್ಚು ಸಾಯಲಿಲ್ಲ, ಇನ್ನೂ ಆಳಕ್ಕೆ ಇಳಿಯಿತು. ಅವರ ಮುಖವನ್ನು ನೆಟ್ಟಗೆ ನೋಡದ ಹುಡುಗಿ ಬರೀ ಕೊಳೆಯ ಗೆರೆಯಿಂದ ಅವರ ಕೊರಳನ್ನು ಓದಿಬಿಟ್ಟಿದ್ದಳು. ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿದವಳು ನಾನು ಟ್ರಂಕಿನ ಅಂಗಿಯನ್ನು ಅಳೆಯುತ್ತ ಕೂತಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಒಂದು ಅಂಗಿ ಎಳೆದುಕೊಂಡೆ.

"ನಾಳಿಯಿಂದ ಅರ್ಧ ಒಗೆತ ನಂದು. ಮಾವನೋರ ಅಂಗಿ, ನಿನ್ನ ಗಂಡನ ಅಂಗಿ ನೀನ ಹೊಲಿ. ನಮ್ಮವರದು ಮಾತ್ರ ಮುಟ್ಟಬ್ಯಾಡ."

ಅವಳು ಮೂಗೆಳೆದುಕೊಂಡಳು. ತಲೆ ಎತ್ತದೆಯೇ, "ಮುಂದ ಒಂದ ಬೆರಳು. ಮರತೀರಿ ಮತ್ತ," ಎಂದಳು.

ಅಂದು ಇಳಿಹೊತ್ತಿನಲ್ಲಿ ನಮ್ಮವರು ಕೈಕಾಲು ತೊಳೆದು ಬಂದಾಗ, ಬಾಗಿಲ ಬೆಳಕಿಗೆ ಮಣೆ ಹಾಕಿ ಕೂರಿಸಿದೆ. ಟೇಪು ನೋಡಿ ಅವರಿಗೆ ಅಚ್ಚರಿ.

"ಅಳತಿ ಅಂಗಿ ಏನಾತು?"

"ಹರದೈತಿ. ಸುಮ್ನ ಕೂಡ್ರಿ."

ಮೊದಲು ಕಚಗುಳಿಯಾಗಿ ಹೆಗಲು ಕುಗ್ಗಿಸಿ ನಕ್ಕರು. ಆಮೇಲೆ ತಾವಾಗಿಯೇ ತಲೆ ಬಗ್ಗಿಸಿದರು. ಹೆಡಕಿನ ಮೇಲೆ, ಕೂದಲು ಮುಗಿಯುವಲ್ಲಿ, ಚರ್ಮ ದಡ್ಡುಗಟ್ಟಿತ್ತು, ಹಿಮ್ಮಡಿಯಷ್ಟು ಗಟ್ಟಿ. ಅಲ್ಲಿ ನನ್ನ ಕೈ ಎಂದೂ ಹೋಗಿರಲಿಲ್ಲ. ಟೇಪನ್ನು ಮುಂದಕ್ಕೆ ತಂದು, ಸಡಿಲಕ್ಕೆಂದು ಗಂಟಲ ಹತ್ತಿರ ಒಂದು ಬೆರಳು ತೂರಿಸಿದೆ. ಅವರು ಉಗುಳು ನುಂಗಿದರು. ನನ್ನ ಬೆರಳು ಮೆಲ್ಲಗೆ ಮೇಲೆದ್ದು, ಮೆಲ್ಲಗೆ ಕೆಳಗಿಳಿಯಿತು. ಟೇಪಿನ ಅಂಕಿ ನೋಡುವುದನ್ನು ಮರೆತು ಹಾಗೆಯೇ ನಿಂತಿದ್ದೆ.