ಹಲಗೆಯ ಮೇಲೆ ಹದಿಮೂರು ಸಾಲು

ಚಿಕ್ಕಬಳ್ಳಾಪುರದಲ್ಲಿ ಆವುಲಪ್ಪನವರ ರಾಗಿ ಮಿಲ್ಲಿನ ಡೀಸೆಲ್ ಇಂಜಿನ್ನಿಗೆ ನಾನು ಆಪರೇಟರ್. ಆರು ವರ್ಷದಿಂದ ಅದನ್ನು ನನ್ನ ಹೊರತು ಇನ್ನೊಬ್ಬರು ಚಾಲೂ ಮಾಡಿದ್ದಿಲ್ಲ. ಅದೇ ನನ್ನ ಹೆಮ್ಮೆ, ಅದೇ ನನ್ನ ಗ್ರಹಚಾರ. ಆರು ವರ್ಷದಲ್ಲಿ ಎರಡು ದಿನ ಒಟ್ಟಿಗೆ ರಜೆ ಕಂಡವನಲ್ಲ.

೧೯೫೯ರ ಮಾಘದಲ್ಲಿ ಕೆಂಚಾರ್ಲಹಳ್ಳಿಯಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಎಂಟು ದಿನ ರಜೆ ಕೇಳಿದೆ.

"ಹೋಗಪ್ಪ ರಾಮಾಂಜಿನಪ್ಪ, ಯಾರು ಬ್ಯಾಡ ಅಂತಾರೆ?" ಅಂದರು ಆವುಲಪ್ಪ. "ಇಂಜಿನ್ ಹೆಂಗೆ ನಡ್ಸೋದು ಅಂತ ಹಲಗೆ ಮೇಲೆ ಬರ್ದಿಟ್ಟು ಹೋಗು. ನನ್ನ ಬಾಮೈದ ಕೋನಪ್ಪ ನೋಡ್ಕಂತಾನೆ."

ಕೋನಪ್ಪನೇ ನಡೆಸಿಬಿಟ್ಟರೆ ಇನ್ನು ನಾನು ಯಾತಕ್ಕೆ?

ಆದರೂ ಬರೆಯಲು ಕೂತೆ. ಮೊದಲ ಸಲ ಮೂರೇ ಸಾಲು: ಇಂಜಿನ್ ಚಾಲೂ ಮಾಡು, ಬೆಲ್ಟ್ ಏರಿಸು, ರಾಗಿ ಸುರಿ. ಕೋನಪ್ಪ ಓದಿ, ಇಂಜಿನ್ನಿಗೆ ಒಂದು ಪ್ರದಕ್ಷಿಣೆ ಹಾಕಿ, "ಚಾಲೂ ಮಾಡು ಅಂದ್ರೆ ಎಲ್ಲಿ ಮುಟ್ಬೇಕಣ್ಣ?" ಎಂದ. ಎರಡನೇ ಸಲ "ಹ್ಯಾಂಡಲ್ ಹಾಕಿ ತಿರುಗಿಸು" ಎಂದು ಬರೆದೆ. ಇಂಜಿನ್ ಚಾಲೂ ಆದ ಕೂಡಲೇ ಅದನ್ನು ತೆಗೆ ಎಂದು ಬರೆದಿರಲಿಲ್ಲ, ಅವನು ತೆಗೆಯಲೂ ಇಲ್ಲ. ಹ್ಯಾಂಡಲ್ ನನ್ನ ಕಿವಿಯ ಪಕ್ಕ ಹಾರಿಹೋಗಿ ರಾಗಿ ಮೂಟೆಗೆ ನಾಟಿತು. ನನ್ನ ಕೈಗೆ ಗೊತ್ತಿರುವುದು ಓದುವವನ ಕೈಗೆ ಗೊತ್ತಿರುವುದಿಲ್ಲ ಎಂಬ ಬುದ್ಧಿ ಆಗ ಬಂತು.

ಮೂರನೇ ಸಲ ಒಂದು ಸಾಲಿಗೆ ಒಂದೇ ಕೆಲಸ, ಜೊತೆಗೆ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನೂ ಬರೆದೆ. "ಟುಕ್ ಎಂದ ಕೂಡಲೇ ಹ್ಯಾಂಡಲ್ ಕಿತ್ತುಕೊಂಡು ಹಿಂದೆ ಸರಿ." ಒಟ್ಟು ಹದಿಮೂರು ಸಾಲು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದ್ದ ಇಂಜಿನ್ನನ್ನು ಕೋನಪ್ಪ ಓದಿಕೊಂಡೇ ಚಾಲೂ ಮಾಡಿದ. ಆವುಲಪ್ಪ ನನ್ನ ಬೆನ್ನು ತಟ್ಟಿದರು.

ಹದಿನಾಲ್ಕನೇ ಸಾಲು ಮಾತ್ರ ನನ್ನ ಹೊಟ್ಟೆಯೊಳಗೇ ಇತ್ತು. ಆ ಇಂಜಿನ್ ಸವೆದ ಮುದುಕ. ಬೆಳಗಿನ ಚಳಿಯಲ್ಲಿ ಅದರ ನೀರಿನ ತೊಟ್ಟಿಗೆ ಒಂದು ಕೊಡ ಬಿಸಿನೀರು ಬೀಳದಿದ್ದರೆ ಕೆಮ್ಮುವುದೂ ಇಲ್ಲ. ಮಧ್ಯಾಹ್ನ ಮೈ ಬೆಚ್ಚಗಿದ್ದುದರಿಂದ ಗುಟ್ಟು ರಟ್ಟಾಗಲಿಲ್ಲ. ಆ ನೀರನ್ನು ನಾನು ದಿನಾ ಆವುಲಪ್ಪನವರ ತಾಯಿ ಅಕ್ಕಯ್ಯಮ್ಮನವರ ಹಂಡೆಯಿಂದ ತರುತ್ತಿದ್ದೆ. "ಸ್ನಾನಕ್ಕಮ್ಮ, ಮೈ ತೊಳೀದೆ ಮಿಷನ್ ಮುಟ್ಟೋನಲ್ಲ ನಾನು" ಎಂದು ಅವರಿಗೆ ಹೇಳಿದ್ದೆ. ಎರಡನೇ ದಿನಕ್ಕೇ ಅಳುತ್ತಾ ಆಳು ಕಳಿಸುತ್ತಾರೆ ಎಂದುಕೊಂಡು ಖುಷಿಯಾಗಿ ಬಸ್ಸು ಹತ್ತಿದೆ.

ಎರಡು ದಿನ ಕಳೆಯಿತು, ಯಾರೂ ಬರಲಿಲ್ಲ. ಮೂರನೇ ದಿನ ಧಾರೆಯ ಊಟದ ಪಂಕ್ತಿಯಲ್ಲಿದ್ದಾಗ ಚಿಂತಾಮಣಿ ಬಸ್ಸಿನ ಸದ್ದಾಯಿತು. ಎಂಜಲು ಕೈಯಲ್ಲೇ ಎದ್ದು ನಿಂತು ನೋಡಿದೆ. "ಯಾರ್ನೋ ನೋಡ್ತೀಯಾ, ನಿಂಗೂ ಹೆಣ್ಣು ಬರ್ತೈತಾ?" ಎಂದು ಸೋದರತ್ತೆ ಗಂಗುಲಮ್ಮ ಕಿಚಾಯಿಸಿದಳು. ಪಾಯಸ ರುಚಿಸಲಿಲ್ಲ. ಐದನೇ ದಿನ ತಡೆಯಲಾಗದೆ ಹೊರಟುಬಂದೆ.

ಮರುದಿನ ಬೆಳಗ್ಗೆ ಬೀದಿಯ ತುದಿಗೇ ಕೇಳಿಸಿತು, ಟುಕ್ ಟುಕ್ ಟುಕ್. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು.

ಒಳಗೆ ಕೋನಪ್ಪ ಮೀಸೆಯ ತುಂಬ ಹಿಟ್ಟು ಮೆತ್ತಿಕೊಂಡು ರಾಗಿ ಸುರಿಯುತ್ತಿದ್ದ. ಹಲಗೆಯಲ್ಲಿ ನನ್ನ ಮೊದಲ ಸಾಲಿನ ಮೇಲೆ ಇದ್ದಿಲಿನಲ್ಲಿ ಬರೆದಿತ್ತು: "ಎಲ್ಲಕ್ಕಿಂತ ಮೊದಲು ಅಕ್ಕಯ್ಯಮ್ಮನ ಹಂಡೆಯಿಂದ ಒಂದು ಕೊಡ ಬಿಸಿನೀರು ತೊಟ್ಟಿಗೆ ಹುಯ್ಯಿ."

"ಕೋನಪ್ಪನ ಕೈಲಿ ನಾನೇ ಬರ್ಸಿದ್ದು." ಹಿಂದೆ ಅಕ್ಕಯ್ಯಮ್ಮ, ಕಂಕುಳಲ್ಲಿ ಹಬೆಯಾಡುವ ಕೊಡ. "ಮೊದಲ್ನೇ ದಿನ ತಿರುಗ್ಸಿ ತಿರುಗ್ಸಿ ಕೈ ಸೋತು ಕೂತಿದ್ದ, ಪಾಪ. ಒಂದು ಸಾಲು ಮರ್ತಿದ್ಯಲ್ಲಪ್ಪ!"

"ನಿಮಗೆ ಹೆಂಗೆ ಗೊತ್ತಾಯ್ತಮ್ಮ?"

"ಆರು ವರ್ಷ ದಿನಾ ನೀರು ಕಾಯ್ಸಿ ಕೊಟ್ಟಿದೀನಿ. ಒಂದು ದಿನಾನಾದ್ರೂ ಸ್ನಾನ ಮಾಡ್ದೋನ ತರ ಕಂಡಿದೀಯೇನೋ ನೀನು?"

ಕೋನಪ್ಪ ಹಿಟ್ಟು ಹಾರುವಂತೆ ನಕ್ಕ. ಅವರು ಕೊಡವನ್ನು ನನ್ನ ಕಾಲ ಬುಡದಲ್ಲಿಟ್ಟರು.

"ಇಂಜಿನ್ದು ಆಗ್ಲೇ ಆಯ್ತು. ನೀನು ಬೀದೀಲಿ ಬರೋದು ಕಂಡು ತಂದೆ, ಇದು ನಿಂದು. ಹಿತ್ಲಲ್ಲಿ ಹುಯ್ಕಂಡು ಬಾ."

ಹೋದೆ. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಹಲಗೆಯ ಕೊನೆಯಲ್ಲಿ ಇನ್ನೊಂದು ಸಾಲು ಕೂತಿತ್ತು: "ಆಪರೇಟರಿಗೂ ಒಂದು ಕೊಡ."

"ಆಪರೇಟರ್ ಅಂದ್ರೆ ಯಾರಪ್ಪ?" ಎಂದು ಕೋನಪ್ಪನನ್ನು ಕೇಳಿದೆ.

"ಇನ್ಯಾರು, ನೀನೇ ಅಲ್ವೇನಣ್ಣ," ಎಂದು ಅವನು ರಾಗಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ.