ಬಿಳಿ ಬಯಲಲ್ಲಿ ಕರಿ ಅಂಗಿ

ನೆವಾಡಾದ ನಮ್ಮ ಒಣಕೆರೆಯ ಮೇಲೆ ಬಿಳಿ ಅಂಗಿ ತೊಟ್ಟವರನ್ನು ನಡೆಯಲು ಬಿಡುವುದಿಲ್ಲ. ಅಂಗಿಯಿಂದ ಚಿಮ್ಮಿದ ಬೆಳಕು ಅಳತೆಯ ಪೆಟ್ಟಿಗೆಗೆ ನುಗ್ಗಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಜುಲೈ ಬಿಸಿಲಿಗೂ ಕರಿ ಅಂಗಿ, ಕರಿ ಪ್ಯಾಂಟು, ಕರಿ ಟೋಪಿ. ಹೊಳೆಯುವ ನೀರಿನ ಬಾಟಲಿಯೂ ಕೈಯಲ್ಲಿರಕೂಡದು.

ಭೂಮಿ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಎಷ್ಟನ್ನು ಹಿಂದಕ್ಕೆ ಎಸೆಯುತ್ತದೆ ಎಂದು ಉಪಗ್ರಹಗಳು ಮೇಲಿಂದ ಅಳೆಯುತ್ತವೆ. ಆದರೆ ಉಪಗ್ರಹದ ಕಣ್ಣಿಗೂ ವರ್ಷ ಕಳೆದಂತೆ ಮಬ್ಬು ಹಿಡಿಯುತ್ತದೆ. ಅದು ತಲೆಯ ಮೇಲೆ ಹಾಯುವ ಹೊತ್ತಿಗೆ ಸರಿಯಾಗಿ ಇದೇ ನೆಲವನ್ನು ಕೆಳಗಿನಿಂದ ಅಳೆದರೆ ಮಾತ್ರ ಅದು ಹೇಳುವುದು ನಿಜವೋ ಸುಳ್ಳೋ ತಿಳಿಯುತ್ತದೆ. ಬೆನ್ನಿಗೆ ಪೆಟ್ಟಿಗೆ, ಮುಂದೆ ಚಾಚಿದ ಕೋಲು, ಕೋಲಿನ ತುದಿಯಲ್ಲಿ ನೆಲ ನೋಡುವ ಕಣ್ಣು. ಇದನ್ನು ಹೊತ್ತವನು ಬಯಲಲ್ಲಿ ಸಾಲು ಹಿಡಿದು ಹೋಗಿ ಬರಬೇಕು; ನಡುವೆ ನಿಂತರೂ ಕೂತರೂ ಅಂದಿನ ಅಳತೆ ಹಾಳು. ಉಪಗ್ರಹ ಮತ್ತೆ ಬರುವುದು ಎರಡು ವಾರದ ಮೇಲೆ.

ಹೋದ ಬೇಸಗೆಯಲ್ಲಿ ಹೀಗೆ ನಡೆಯುತ್ತಲೇ ಇನ್ಯಾಕಿ ಸತ್ತ. ಕುರಿ ಕಾಯಲು ಸ್ಪೇನಿನ ಕಡೆಯಿಂದ ಈ ಸೀಮೆಗೆ ಬಂದ ಬಾಸ್ಕ್ ಜನರ ಮೊಮ್ಮಗ. ಬಿಸಿಲು ಅವನಿಗೆ ಹೊಸದಲ್ಲ. ಅವನ ಅಕ್ಕ ಮೈಟೆ ನಮ್ಮ ತಂಡದ ವಿಜ್ಞಾನಿ. ಅಂದು ದೂರದಲ್ಲಿ ಯಂತ್ರಗಳ ಮೇಜಿನ ಬಳಿ ಇದ್ದಳು. ತಮ್ಮ ತೂರಾಡುತ್ತ ವಾಕಿಟಾಕಿಯನ್ನು ಬಾಯಿಗೆ ಹಿಡಿದದ್ದನ್ನು ದುರ್ಬೀನಿನಲ್ಲಿ ಕಂಡಳು. ಏನೋ ಕೇಳಿದ. ಏನೋ ಉತ್ತರ ಬಂತು. ಮತ್ತೆ ನಡೆದ. ಆಮೇಲೆ ಬಿದ್ದ. ಆ ವಾಕಿಟಾಕಿಯ ಜೋಡಿ ಇದ್ದದ್ದು ಒಬ್ಬರ ಕೈಯಲ್ಲೇ: ತಂಪು ವ್ಯಾನಿನೊಳಗೆ ಕೂತಿದ್ದ ನಮ್ಮ ಮುಖ್ಯಸ್ಥ ಡಾಕ್ಟರ್ ಹೋಲ್ಕಂಬ್ ಕೈಯಲ್ಲಿ.

ವಿಚಾರಣೆಯಲ್ಲಿ ಹೋಲ್ಕಂಬ್ ಕಣ್ಣೊರೆಸಿಕೊಂಡೇ ಹೇಳಿದರು. "ಟೈಮೆಷ್ಟು ಅಂತ ಕೇಳ್ದ, ಅಷ್ಟೆ. ಸುಸ್ತಾಗಿದ್ರೆ ಕೂತ್ಕೋಬಹುದಿತ್ತು. ಬೇಡ ಅನ್ನೋರು ಯಾರಿದ್ರು?"

ವರದಿ ಮುಗಿಯಿತು: ಸ್ವಂತ ಅಜಾಗರೂಕತೆ. ಸತ್ತವನ ತಲೆಗೇ ಸಾವನ್ನು ಕಟ್ಟುವ ವಿದ್ಯೆಯನ್ನು ಕಚೇರಿಗಳಿಗೆ ಯಾರೂ ಕಲಿಸಬೇಕಿಲ್ಲ. ಆ ಎರಡು ಪದಗಳನ್ನು ಅಳಿಸುವ ತನಕ ತಮ್ಮನ ಗೋರಿಗೆ ಕಲ್ಲು ನಿಲ್ಲಿಸುವುದಿಲ್ಲ ಎಂದು ಮೈಟೆ ಶಪಥ ಮಾಡಿದಳು.

ಈ ಬೇಸಗೆಯಲ್ಲಿ ಬಯಲಿನ ಉಸ್ತುವಾರಿ ಅವಳದಾಯಿತು. ಮೊದಲ ದಿನವೇ ಎಲ್ಲರ ವಾಕಿಟಾಕಿಯನ್ನೂ ಒಂದೇ ಚಾನೆಲ್ಲಿಗೆ ಹಾಕಿಸಿದಳು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳಬೇಕು. ಆಮೇಲೆ ಕಾದಳು. ಹೊಸ ಉಪಗ್ರಹ ಈ ಬಯಲಿನ ಮೇಲೆ ಮೊದಲ ಸಲ ಹಾಯುವ ದಿನ ಅದರ ಮುಖ್ಯಸ್ಥನೇ ಪೆಟ್ಟಿಗೆ ಹೊತ್ತು ನಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಈ ಸಲದ ಉಪಗ್ರಹ ಹೋಲ್ಕಂಬರದು.

ಆ ದಿನ ಕೇಂದ್ರ ಕಚೇರಿಯ ಹಿರಿಯ ಅಧಿಕಾರಿ ಪ್ರೂಯಿಟ್ ಮೇಡಂ ಬಂದು ಡೇರೆಯಲ್ಲಿ ಕೂತಿದ್ದರು. ಫೋಟೊದವನೂ ಬಂದಿದ್ದ. ಹೋಲ್ಕಂಬ್ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಡಾಕ್ಟ್ರೇ, ಕರಿ ಅಂಗೀಲಿ ಮದುವೆ ಗಂಡಿನ ಥರ ಕಾಣ್ತೀರಲ್ರೀ!" ಎಂದ ನಮ್ಮ ರಸ್ಟಿ, ಪೆಟ್ಟಿಗೆಯ ಪಟ್ಟಿ ಬಿಗಿಯುತ್ತ.

"ಹೆಣ ಹೊರೋರ ಥರ ಅನ್ನು," ಎಂದಳು ಮೈಟೆ.

ಹೋಲ್ಕಂಬ್ ನಕ್ಕರು. "ಏನಮ್ಮಾ ಮೈಟೆ, ನನಗೇ ಹೆದರ್ಸ್ತೀಯಾ? ನೀನು ಸ್ಕೂಲಿಗೆ ಹೋಗ್ತಿದ್ದಾಗ್ಲೇ ನಾನು ಇಲ್ಲಿ ನಡೆದೋನು."

"ಹಾಗಾದ್ರೆ ನಡೀರಿ. ಉಪಗ್ರಹ ಯಾರಿಗೂ ಕಾಯಲ್ಲ."

ಐಸು ತುಂಬಿದ ಟ್ರಕ್ಕಿನಲ್ಲಿ ನಾನಿದ್ದೆ. ಎಂಜಿನ್ನು ಆರಿಸಬೇಡ ಎಂದು ಅವಳೇ ಹೇಳಿದ್ದಳು. ಅವಳು ಟ್ರಕ್ಕಿನ ಬಾಗಿಲ ಬಳಿ ದುರ್ಬೀನು ಹಿಡಿದು ನಿಂತಳು. ಹೋಲ್ಕಂಬ್ ಹೋಗುವಾಗ ಎದೆಯೆತ್ತಿ ಹೋದರು. ತಿರುಗಿ ಬರುವ ಸಾಲಿನಲ್ಲಿ ಕೋಲು ಅಲುಗಾಡತೊಡಗಿತು. ಬಿಸಿಲು ಮೇಲಿಂದಲೂ ಬೀಳುತ್ತಿತ್ತು, ಬಿಳಿ ನೆಲದಿಂದಲೂ ಏಳುತ್ತಿತ್ತು.

"ಹೋಗ್ಲಾ?" ಎಂದೆ.

"ಇನ್ನೂ ಇಲ್ಲ."

"ಮೈಟೆ, ಆತ ಬೀಳ್ತಾನೆ ಕಣೇ."

"ಬೀಳೋಕೆ ಮುಂಚೆ ಕೇಳ್ತಾನೆ. ನನ್ ತಮ್ಮ ಕೇಳ್ಲಿಲ್ವಾ?"

ವಾಕಿಟಾಕಿ ಗೊರಗುಟ್ಟಿತು. "ಮೈಟೆ... ಸ್ವಲ್ಪ ಕೂತ್ಕೊಳ್ಲಾ?"

ಅವಳ ಮುಖದಲ್ಲಿ ನಗು ಮೂಡಿತು. ಅಂಥ ನಗುವನ್ನು ನಾನು ಇನ್ನೊಮ್ಮೆ ನೋಡಲಾರೆ.

"ಯಾಕ್ ಡಾಕ್ಟ್ರೇ ನನ್ನ ಕೇಳ್ತೀರಾ? ಸುಸ್ತಾದ್ರೆ ಕೂತ್ಕೋಬಹುದಲ್ಲ. ಬೇಡ ಅನ್ನೋರು ಯಾರಿದಾರೆ?"

ಅವರು ಕೂರಲಿಲ್ಲ. ಉಸ್ತುವಾರಿಯ ಅಪ್ಪಣೆಯಿಲ್ಲದೆ ಕೂತು ಅಳತೆ ಕೆಡಿಸಿದವನನ್ನು ಮರುದಿನವೇ ಮನೆಗೆ ಕಳಿಸುವ ನಿಯಮ ಅವರೇ ಮಾಡಿದ್ದು.

"ಮೈಟೆ, ದಮ್ಮಯ್ಯ ಅಂತೀನಿ."

"ಇನ್ಯಾಕಿನೂ ಕೂರೋಕೆ ಕೇಳ್ದ. ಅಲ್ವಾ? ನೀವೇನಂದ್ರಿ?"

ಡೇರೆಯಲ್ಲಿ ಪ್ರೂಯಿಟ್ ಮೇಡಂ ಎದ್ದು ನಿಂತದ್ದು ಕಂಡಿತು. ಅಲ್ಲಿಯೂ ಅದೇ ಚಾನೆಲ್ಲು.

"ಬೇಡ ಅಂದೆ," ಎಂದಿತು ಒಣಗಿದ ದನಿ. "ಉಪಗ್ರಹ ಹೋಗ್ಲಿ, ಆಮೇಲೆ ಸಾಯಿ ಅಂದೆ."

"ಕೂತ್ಕೊಳ್ಳಿ," ಎಂದಳು ಮೈಟೆ. ನನ್ನತ್ತ ತಲೆಯಾಡಿಸಿದಳು. ನಾನು ಟ್ರಕ್ ಓಡಿಸಿದೆ. ಉಪಗ್ರಹ ತಲೆಯ ಮೇಲೆ ಬರುವ ಹೊತ್ತಿಗೆ ಟ್ರಕ್ಕು ನಡಿಗೆಯ ಸಾಲಿನ ನಟ್ಟನಡುವೆ ನಿಂತಿತ್ತು.

ಡೇರೆಯ ನೆರಳಿನಲ್ಲಿ ಐಸಿನ ಬಟ್ಟೆ ಸುತ್ತಿಸಿಕೊಂಡು ಹೋಲ್ಕಂಬ್ ಚೇತರಿಸಿಕೊಂಡರು. ಮೊದಲು ಹುಡುಕಿದ್ದು ಪ್ರೂಯಿಟ್ ಮೇಡಂ ಮುಖವನ್ನು. "ಬಿಸಿಲಿಗೆ ತಲೆ ಕೆಟ್ಟಿತ್ತು ಮೇಡಂ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

ಮೈಟೆ ಕುರ್ಚಿ ಎಳೆದು ಅವರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ತಾನೇ ನೀರು ಬಗ್ಗಿಸಿದಳು.

"ಕುಡೀರಿ. ಇನ್ನೊಂದ್ ಲೋಟ ಕುಡೀರಿ. ಮೈ ಪೂರ್ತಿ ತಣ್ಣಗಾಗ್ಲಿ, ನನಗೇನೂ ಅರ್ಜೆಂಟಿಲ್ಲ. ಆಮೇಲೆ ಮೇಡಂ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಅವನು ಕೇಳ್ಲಿಲ್ಲ ಅಂತ."

ಅವರು ಕುಡಿದರು. ಸುತ್ತ ನೋಡಿದರು. ರಸ್ಟಿಯೂ ಕದಲಲಿಲ್ಲ, ಯಾರೂ ಕದಲಲಿಲ್ಲ. ಎರಡನೆಯ ಲೋಟ ಖಾಲಿಯಾಗುವಷ್ಟರಲ್ಲಿ ಹೋಲ್ಕಂಬರ ತಲೆ ಬಗ್ಗಿತ್ತು.

"ಕೇಳ್ದ," ಎಂದರು.

"ಆ ವರದಿ ನಿಲ್ಲಲ್ಲ," ಎಂದರು ಪ್ರೂಯಿಟ್ ಮೇಡಂ. "ವಿಚಾರಣೆ ಮತ್ತೆ ಶುರು ಮಾಡಿಸ್ತೀನಿ. ಇವತ್ತು ಇಲ್ಲಿದ್ದವರೆಲ್ಲ ಸಾಕ್ಷಿ."

"ಇದನ್ನೂ ಬರ್ಕೊಳ್ಳಿ," ಎಂದಳು ಮೈಟೆ. "ಅಳತೆ ಕೆಡಿಸಿದ್ದು ನಾನು. ಆ ಮನುಷ್ಯನ್ನ ಬಿಸಿಲಲ್ಲಿ ನಿಲ್ಸಿ ಬಾಯಿ ಬಿಡಿಸಿದ್ದೂ ನಾನೇ. ನಾನು ಇಲ್ಲ ಅನ್ನಲ್ಲ."

ಮರುವಾರ ಅವಳ ಕೆಲಸ ಹೋಯಿತು. ಅವಳ ಸಾಮಾನನ್ನು ನನ್ನ ಟ್ರಕ್ಕಿಗೇ ತುಂಬಿದೆವು. ಹೊರಡುವ ಮುನ್ನ ರಸ್ಟಿ ತಡೆಯಲಾರದೆ ಕೇಳಿಯೇಬಿಟ್ಟ: "ನಿಜ ಹೇಳಕ್ಕಾ, ಮನಸ್ಸಿಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು ಕಣೋ," ಎಂದಳು. "ಬೇಗ ಕೂರಿಸ್ಬಿಟ್ಟೆ."