ಸೂಜಿ ತೂರದ ಪೆಟ್ಟಿಗೆ

ಬಡಗಿಗೆ ಇದ್ದದ್ದು ಒಂದೇ ಹೆಮ್ಮೆ: ಅವನು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಸೂಜಿ ತೂರುವುದಿಲ್ಲ. ಬರೀ ಬಾಯಲ್ಲಿ ಹೇಳಿದ್ದರೆ ಜಂಬ ಎಂದು ಬಿಡಬಹುದಿತ್ತು. ಮಹಾಶಯ ಅಂಗಿಯ ಕಾಲರಿನಲ್ಲಿ ಸೂಜಿ ಇಟ್ಟುಕೊಂಡೇ ತಿರುಗುತ್ತಿದ್ದ. ಗಿರಾಕಿಯ ಎದುರು ತೆಗೆದು ತೂರಿಸಲು ನೋಡಿ, ತೂರಲಿಲ್ಲವೆಂದು ಮೀಸೆಯಡಿಯಲ್ಲೇ ನಗುತ್ತಿದ್ದ. ಅವನ ಕಪಾಟು ಮುಚ್ಚಿದರೆ ಒಳಗಿನ ಗಾಳಿ ಉಸ್ಸೆಂದು ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಇಂಥವನು ಮಗಳ ಜೊತೆ ಕಂಪ್ಯೂಟರ್ ಅಂಗಡಿಗೆ ಹೋಗಬಾರದಿತ್ತು. ಹೋದ.

ಮಗಳಿಗೆ ಹತ್ತೊಂಬತ್ತು ವರ್ಷ. ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ಬಿಲ್ ಹಾಕಿ, ಒಂದೂವರೆ ವರ್ಷ ಬಾಯಿ ಕಟ್ಟಿ ಕೂಡಿಟ್ಟ ದುಡ್ಡು ಅವಳ ಕೈಯಲ್ಲಿತ್ತು. ಅವಳದು ಐದು ಜನರ ತಂಡ. ಅವರವರ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬೇರೆ ತಂಡಗಳೊಡನೆ ಪಂದ್ಯ ಆಡುತ್ತಿದ್ದರು. ಎರಡು ಪಂದ್ಯಗಳಲ್ಲಿ ಅವಳ ಹಳೆಯ ಲ್ಯಾಪ್‌ಟಾಪ್ ನಡುವೆಯೇ ಕೈಕೊಟ್ಟಿತ್ತು. ಇನ್ನೊಂದು ಸಲ ಅರ್ಧಕ್ಕೆ ಮಾಯವಾದರೆ ನಿನ್ನ ಜಾಗಕ್ಕೆ ಬೇರೆಯವರು ಎಂದು ತಂಡದ ನಾಯಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಅಪ್ಪ ದುಡ್ಡು ಸೇರಿಸುತ್ತೇನೆಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನನ್ನ ದುಡ್ಡಲ್ಲೇ ಆಗಬೇಕಪ್ಪ," ಅಂದಳು. ಇದೇ ಹುಡುಗಿ ಏಳು ವರ್ಷದವಳಿದ್ದಾಗ ಅವನ ಕಾರ್ಖಾನೆಯ ಮರದ ಹೊಟ್ಟಿನ ಗುಡ್ಡೆ ಮೇಲೆ ಕೂತು, ಅವನು ಕೈ ಚಾಚಿದ ಕೂಡಲೇ ಪೆನ್ಸಿಲ್ ಕೊಡುತ್ತಿದ್ದಳು. ಈಗ ಐದು ವರ್ಷಗಳಿಂದ ಅವಳಿಗೆ ಅಪ್ಪನಿಂದ ಏನೂ ಬೇಕಾಗಿಲ್ಲ. ಅವನಿಗೆ ಇದು ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ಚೀಟಿಯ ಪ್ರಕಾರ ಒಂದೊಂದೇ ಡಬ್ಬ ಮೇಜಿಗೆ ಬಂತು. ಪ್ರೊಸೆಸರ್ ಎಂದು ಬೆರಳುಗುರಿನಷ್ಟು ಚೂರು ತೋರಿಸಿದಾಗ ಬಡಗಿ, "ಉಳಿದದ್ದೆಲ್ಲಿ?" ಎಂದು ಕೇಳಿದ. ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿ ಕುರ್ಚಿ ಹುಡುಕಿದ.

"ಇದೆಷ್ಟು ವರ್ಷ ಬರುತ್ತೆ?"

"ಮೂರು ವರ್ಷ ವಾರಂಟಿ ಸಾರ್," ಅಂದ ಅಂಗಡಿಯವನು.

"ನಾನು ಮಾಡಿದ ಸ್ಟೂಲಿಗೆ ಮೂವತ್ತಾಯ್ತು. ಇನ್ನೂ ಅಲುಗಾಡಿಲ್ಲ."

"ಸ್ಟೂಲ್ ಮೇಲೆ ಗೇಮ್ ಓಡಲ್ಲ ಸಾರ್."

ಮಗಳು ತುಟಿ ಕಚ್ಚಿಕೊಂಡು ನಗು ತಡೆದಳು. ಒಟ್ಟು ಕೂಡಿಸಿದಾಗ ನಗು ತಾನೇ ನಿಂತಿತು. ಚೀಟಿಯಿಂದ ಬಣ್ಣದ ದೀಪಗಳನ್ನು ಹೊಡೆದುಹಾಕಿದಳು. ರ‍್ಯಾಮ್ ಅರ್ಧಕ್ಕಿಳಿಸಿದಳು. ಆದರೂ ಸಾಲದು. ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಪೆನ್ನಿಟ್ಟು, ಇನ್ನೊಂದು ಕಡಿಮೆಯದು ಇದೆಯಾ ಎಂದು ಕೇಳುವಾಗ ಅವಳ ಮುಖ ಹುಳ್ಳಗಾಯಿತು.

ಅಷ್ಟರಲ್ಲಿ ಬಡಗಿಯ ಕಣ್ಣು ಇದನ್ನೆಲ್ಲ ಒಳಗೆ ಕೂರಿಸುವ ಕ್ಯಾಬಿನೆಟ್ ಮೇಲೆ ಬಿತ್ತು. ಬೆರಳ ಗಿಣ್ಣಿನಿಂದ ಕುಟ್ಟಿದ.

"ಇದು ತಗಡು."

"ಒಂದು ಕಡೆ ಗಾಜೂ ಇದೆ ಸಾರ್."

"ಮುಂದೆ ಪೂರ್ತಿ ತೂತು. ಇದೇನು ಪೆಟ್ಟಿಗೆಯಾ, ಜರಡಿಯಾ? ಇದಕ್ಕೂ ದುಡ್ಡು ತಗೋತೀರಾ?" ಮಗಳ ಕಡೆ ತಿರುಗಿದ. "ಇದನ್ನ ಹೊಡೆದುಹಾಕು ಮರಿ. ಆ ದುಡ್ಡಲ್ಲಿ ನೀನು ಕೇಳಿದ ಕಾರ್ಡೇ ತಗೋ. ಪೆಟ್ಟಿಗೆ ನಾನು ಮಾಡ್ತೀನಿ."

"ಅಪ್ಪ, ಅದಕ್ಕೆ ಗಾಳಿ ಆಡಬೇಕು."

"ಆಡಲಿ. ಹಿಂದೆ ಅಂಗೈಯಗಲ ಕಿಂಡಿ ಬಿಡ್ತೀನಿ. ಸಾಲದಾ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಆಗಲೇ ಜೇಬಿನಿಂದ ಅಳತೆಪಟ್ಟಿ ಎಳೆದು ಮದರ್‌ಬೋರ್ಡಿನ ಅಳತೆ ತೆಗೆಯುತ್ತಿದ್ದ, ಮುಖ ಊರಗಲ ಆಗಿತ್ತು. "ಸಾಕು," ಅಂದಳು.

ಎಂಟು ದಿನ ಗಿರಾಕಿಗಳು ಬಾಗಿಲು ಬಡಿದು ಬಡಿದು ವಾಪಸ್ಸಾದರು. ಬಡಗಿ ಉಳಿದ ತೇಗದ ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿದ. ಒಂದೂ ಮೊಳೆಯಿಲ್ಲ. ಪಕ್ಕದ ಹಲಗೆ ಕೊರೆದ ಕಾಲುವೆಯಲ್ಲಿ ಸರಿದು ಬಂದು ಕೂತರೆ ಎಲ್ಲಿ ಕೂತಿತೆಂದು ಗೊತ್ತಾಗದು. ಮಗಳು ಒಳಗಿನ ಸಾಮಾನು ಜೋಡಿಸಿದಳು, ಅವನು ಸ್ಕ್ರೂ ಕೊಟ್ಟ. ಹಲಗೆ ಸರಿಸಿದಾಗ ಉಸ್ ಎಂದಿತು. ಕಾಲರಿನಿಂದ ಸೂಜಿ ತೆಗೆದು ತೂರಿಸಿ ನೋಡಿದ, ತೂರಲಿಲ್ಲ. ಆ ದಿನ ಅವನಿಗೆ ಊಟವೇ ಬೇಡವಾಯಿತು.

ಮಾರನೆಯ ಸಂಜೆ ಸ್ಟೂಲು ಹಿಡಿದುಕೊಂಡು ಮಗಳ ಕೋಣೆಗೆ ಆಟ ನೋಡಲು ಹೋದ. ಹತ್ತು ನಿಮಿಷಕ್ಕೆ ಕಂಪ್ಯೂಟರ್ ಆರಿತು.

"ಕರೆಂಟ್ ಏರುಪೇರು ಅನ್ಸುತ್ತೆ," ಅಂದಳು ಮಗಳು. ತಲೆಯ ಮೇಲೆ ಬಲ್ಬು ಮಿಣುಕದೆ ಉರಿಯುತ್ತಿತ್ತು.

ಇನ್ನೊಂದು ದಿನ ಹೋದ. ಹತ್ತೇ ನಿಮಿಷ. ಮೂರನೆಯ ಸಲವೂ ಅದೇ ಹಾಡು. ವಿಚಿತ್ರವೆಂದರೆ, ಅವನು ಹೊರಗಿದ್ದಾಗ ಕೋಣೆಯಿಂದ ಗಂಟೆಗಟ್ಟಲೆ ಕೀಲಿಗಳ ಟಕಟಕ ಕೇಳುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಖಾತ್ರಿಯಾಯಿತು.

"ನನ್ನ ಕಾಲ್ಗುಣವೇ ಸರಿಯಿಲ್ಲ ಕಣೇ," ಎಂದು ಹೆಂಡತಿಯ ಹತ್ತಿರ ತೋಡಿಕೊಂಡ. "ನಾನು ಒಳಗೆ ಹೋದ್ರೆ ಅದು ಆರಿಹೋಗುತ್ತೆ."

"ಇರಬಹುದು," ಅಂದಳು ಹೆಂಡತಿ, ಬಟ್ಟೆ ಮಡಚುತ್ತ. ನಗದೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ನನ್ನ ಮಿಕ್ಸಿ ಕೆಟ್ಟಾಗಲೂ ನೀವು ಪಕ್ಕದಲ್ಲೇ ಇದ್ರಿ."

ಅಂದಿನಿಂದ ಬಡಗಿ ಮಗಳ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಸ್ಟೂಲು ಹಜಾರದಲ್ಲಿ ಅನಾಥವಾಗಿ ನಿಂತಿತು.

ಪಂದ್ಯದ ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಶುರು. ತನ್ನ ಕಾಲ್ಗುಣ ಗೋಡೆ ದಾಟಿ ಹೋದೀತೆಂದು ಬಡಗಿ ಮಹಡಿ ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ಹೋಗಿ ಕೂತ. ನಾಲ್ಕೂಕಾಲಿಗೆ ಹೆಂಡತಿ ಪೊರಕೆ ಹಿಡಿದು ಮೇಲೆ ಬಂದಳು. ಗಂಡ ಟ್ಯಾಂಕಿನ ಹಿಂದೆ ಮುದುರಿ ಕೂತದ್ದನ್ನು ಕಂಡು ಅವಳಿಗೂ ಪಾಪ ಅನ್ನಿಸಿತು.

"ರೀ, ನಿಮ್ಮ ಪೆಟ್ಟಿಗೆಯ ಪಕ್ಕದ ಹಲಗೆ ಅವಳ ಮಂಚದ ಕೆಳಗೆ ಮಲಗಿರುತ್ತೆ. ದಿನಾ ಗುಡಿಸುವಾಗ ನೋಡ್ತೀನಿ. ನಿಮ್ಮ ಹೆಜ್ಜೆ ಸದ್ದು ಕೇಳಿದ್ರೆ ಎದ್ದು ಹೋಗಿ ಪೆಟ್ಟಿಗೆಗೆ ಸೇರ್ಕೊಳ್ಳುತ್ತೆ."

ಬಡಗಿ ಪಿಳಿಪಿಳಿ ನೋಡಿದ. "ಅಂದ್ರೆ?"

"ಅಂದ್ರೆ ಮುಚ್ಚಿದ್ರೆ ಅದು ಒಳಗೇ ಬೆಂದು ಆರಿಹೋಗುತ್ತೆ. ಗಾಳಿ ಸಾಲಲ್ಲ. ನಿಮಗೆ ಹೇಳೋಕೆ ಅವಳಿಗೆ ಬಾಯಿ ಬರ್ತಿಲ್ಲ."

ಅವನಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಕೆಲಸದಲ್ಲಿ ತಪ್ಪೇ? ಮೆಟ್ಟಿಲು ಇಳಿಯುವಷ್ಟರಲ್ಲಿ ಸಿಟ್ಟು ಎತ್ತಲೋ ಹೋಗಿ, ನಾಚಿಕೆ ಉಳಿಯಿತು.

ಬಾಗಿಲು ಮೆಲ್ಲಗೆ ತಳ್ಳಿದ. ಕಿವಿಗೆ ಹೆಡ್‌ಫೋನ್ ಹಾಕಿದ್ದ ಮಗಳಿಗೆ ಸದ್ದು ಕೇಳಲಿಲ್ಲ. ಪರದೆಯ ಗಾಜಿನಲ್ಲಿ ಅಪ್ಪನ ನೆರಳು ಕಂಡಿತು. ಪರದೆಯಲ್ಲಿ ಗುಂಡು ಹಾರುತ್ತಿದ್ದವು, ಕಿವಿಯಲ್ಲಿ ನಾಲ್ವರು ಕೂಗುತ್ತಿದ್ದರು. ಅದರ ನಡುವೆ ಅವಳು ಬಲಗೈಯ ಮೌಸ್ ಬಿಟ್ಟು, ಬಗ್ಗಿ, ಮಂಚದ ಕೆಳಗಿನಿಂದ ಹಲಗೆ ಎಳೆದು ಪೆಟ್ಟಿಗೆಗೆ ಸೇರಿಸಲು ಹೊರಟಳು.

"ಬಿಡು ಮರಿ. ಮುಚ್ಚಬೇಡ," ಅಂದ ಬಡಗಿ. ಹಲಗೆಯನ್ನು ಅವಳ ಕೈಯಿಂದ ತಗೊಂಡ. "ನೀನು ಆಡು."

ಅವಳು ಒಂದು ಕ್ಷಣ ಅಪ್ಪನ ಮುಖ ನೋಡಿ, ಮತ್ತೆ ಮೌಸ್ ಹಿಡಿದಳು.

ಬಡಗಿ ಹಜಾರದಿಂದ ಸ್ಟೂಲು ತಂದು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸುಮ್ಮನೆ ತಿರುಗಿಸಿ ನೋಡಿದ. ಒಳಮೈಯಲ್ಲಿ ಪೆನ್ಸಿಲಿನಿಂದ ಎರಡು ದುಂಡನೆಯ ಗೆರೆ. ನಡುವೆ ಚುಕ್ಕೆ, ಪಕ್ಕದಲ್ಲಿ ಅಳತೆ. ದುಂಡಿನ ಒಳಗೆ ಒಂದೊಂದು ಇಂಟು ಗುರುತು: ಕತ್ತರಿಸಿ ತೆಗೆಯಬೇಕಾದ ಮರಕ್ಕೆ ಅವನು ಹಾಕುವ ಗುರುತು. ಹೊಟ್ಟಿನ ಗುಡ್ಡೆ ಮೇಲೆ ಕೂತಿದ್ದವಳಿಗೆ ಅವನೇ ಹೇಳಿಕೊಟ್ಟದ್ದು. ಬೆಳಕಿಗೆ ಹಿಡಿದಾಗ ಆ ಗೆರೆಯ ಅಡಿಯಲ್ಲಿ ಉಜ್ಜಿ ಅಳಿಸಿದ ಹಳೆಯ ಗೆರೆಗಳೂ ಕಂಡವು. ಹಾಕಿದ್ದಾಳೆ, ಅಳಿಸಿದ್ದಾಳೆ, ಮತ್ತೆ ಹಾಕಿದ್ದಾಳೆ.

ಐದೂವರೆಗೆ ಅವಳು ಹೆಡ್‌ಫೋನ್ ತೆಗೆದಳು. "ಸೋತ್ವಿ. ಆದ್ರೆ ನಾನು ಕೊನೇವರೆಗೂ ಇದ್ದೆ. ಮುಂದಿನ ಪಂದ್ಯಕ್ಕೂ ನಾನೇ ಅಂತೆ."

"ಯಾಕೆ ಹೇಳಲಿಲ್ಲ?"

"ನೀನು ಸೂಜಿ ತೂರಿಸಿ ನೋಡಿದ್ಯಲ್ಲಪ್ಪ," ಅಂದಳು. ಆಮೇಲೆ ಡ್ರಾಯರ್ ಎಳೆದು ಆ ದುಂಡುಗಳಷ್ಟೇ ಅಗಲದ ಎರಡು ಫ್ಯಾನು ಹೊರತೆಗೆದಳು. ಹೋದ ಸಂಬಳದಲ್ಲಿ ತಂದಿಟ್ಟಿದ್ದಳು.

ಬಡಗಿ ಡ್ರಿಲ್ಲಿಗೆ ದುಂಡು ಗರಗಸ ಸಿಕ್ಕಿಸಿ ಹಲಗೆಯ ಮುಂದೆ ನಿಂತ. ನಿಂತೇ ಇದ್ದ. ಕೊನೆಗೆ ಡ್ರಿಲ್ಲನ್ನು ಮಗಳ ಕೈಗಿಟ್ಟ. "ನೀನೇ ಹಾಕು. ನನಗೆ ಕೈ ಬರಲ್ಲ."

"ಹಲಗೆ ಗಟ್ಟಿಯಾಗಿ ಹಿಡ್ಕೋ," ಅಂದಳು ಅವಳು. ಅವನು ಮುಖ ಆ ಕಡೆ ತಿರುಗಿಸಿ ಹಿಡಿದುಕೊಂಡ. ತೇಗದ ಹೊಟ್ಟು ಇಬ್ಬರ ಕಾಲ ಮೇಲೂ ಉದುರಿತು.

ಫ್ಯಾನು ಕೂರಿಸಿ, ಹಲಗೆ ಸರಿಸಿ, ಮತ್ತೆ ಆಟ ಹಚ್ಚಿದಳು. ಬಡಗಿ ಸ್ಟೂಲಿನಲ್ಲಿ ಕೂತು, ಆಟ ನೋಡದೆ ಗಡಿಯಾರ ನೋಡಿದ. ಎಂಟು ನಿಮಿಷವಾಯಿತು, ಒಂಬತ್ತಾಯಿತು, ಹತ್ತಾಯಿತು. ಹನ್ನೊಂದನೆಯ ನಿಮಿಷಕ್ಕೆ ಸ್ಟೂಲನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡು, "ಇದರಲ್ಲಿ ನೀನು ಯಾರು?" ಎಂದು ಕೇಳಿದ.